ಓಪನ್ ಹಾರ್ಟ್ ಆಪರೇಷನ್ ಆದವರು ಮೊದಲಿನ ಹಾಗೆ ಆಗ್ತಾರಾ?

ಹೃದಯದ ಆಪರೇಷನ್ ವಾರ್ಡಿನಲ್ಲಿ ನರ್ಸ್ ಆಗಿರುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ರೋಗಿಯ ಮಗಳು ಕಾರಿಡಾರಿನಲ್ಲಿ ಕೇಳುತ್ತಾಳೆ, ಊರಿಗೆ ಹೋದರೆ ಪಕ್ಕದ ಮನೆಯವರು ಕೇಳುತ್ತಾರೆ. "ಎದೆ ಸೀಳ್ತಾರಂತಲ್ಲ ಸಿಸ್ಟರ್, ಆಮೇಲೆ ಮನುಷ್ಯ ಮೊದಲಿನ ಹಾಗೆ ಆಗ್ತಾನಾ?"

ಹೆಚ್ಚಿನವರು ಆಗುತ್ತಾರೆ. ಹೊಲಕ್ಕೆ ಹೋಗುತ್ತಾರೆ, ಸ್ಕೂಟರ್ ಓಡಿಸುತ್ತಾರೆ. ಹತ್ತು ಹೆಜ್ಜೆಗೆ ನಿಂತು ಏದುಸಿರು ಬಿಡುತ್ತಿದ್ದವರು ಆರಾಮಾಗಿ ಮಹಡಿ ಹತ್ತುತ್ತಾರೆ. ಆದರೆ ಅದಕ್ಕೆ ಎರಡು ಮೂರು ತಿಂಗಳು ಬೇಕು. ಆ ದಿನಗಳಲ್ಲಿ ಏನೇನಾಗುತ್ತೆ ಅಂತ ಮೊದಲೇ ಗೊತ್ತಿಲ್ಲದವರು ಸಹಜವಾದದ್ದಕ್ಕೆಲ್ಲ ಹೆದರುತ್ತಾರೆ. ನಿಜವಾಗಿ ಹೆದರಬೇಕಾದದ್ದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಪರೇಷನ್ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಕತ್ತರಿಸಿ ಹೃದಯ ತಲುಪುತ್ತಾರೆ. ವಾಲ್ವ್, ಅಂದರೆ ಹೃದಯದೊಳಗಿನ ಕವಾಟ ಬದಲಿಸುವಾಗ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಅದರ ಕೆಲಸವನ್ನು ಹಾರ್ಟ್-ಲಂಗ್ ಮಷಿನ್‌ಗೆ ವಹಿಸುತ್ತಾರೆ. 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಈ ಮಷಿನ್ ಬಳಸಿ ಮೊದಲ ಬಾರಿ ಯಶಸ್ವಿಯಾಗಿ ಆಪರೇಷನ್ ಮಾಡಿದರು. ಈಗ ಇದು ದಿನನಿತ್ಯದ ಕೆಲಸ. ಬೈಪಾಸ್ ಆದರೆ, ನಮ್ಮ ದೇಶದಲ್ಲಿ ಎಷ್ಟೋ ಸರ್ಜನ್‌ಗಳು ಹೃದಯ ಬಡಿಯುತ್ತಿರುವಾಗಲೇ ಮಾಡುತ್ತಾರೆ. ಕಾಲಿನಿಂದ ತೆಗೆದ ರಕ್ತನಾಳ, ಎದೆಯ ಒಳಗೋಡೆಯ ರಕ್ತನಾಳ, ಕೆಲವೊಮ್ಮೆ ಮುಂಗೈಯದು, ಇವುಗಳಿಂದ ಹೃದಯದ ರಕ್ತನಾಳದ ಬ್ಲಾಕ್ ದಾಟಿಸಿ ರಕ್ತಕ್ಕೆ ಹೊಸ ದಾರಿ ಮಾಡುತ್ತಾರೆ. ಕೊನೆಗೆ ಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ಆ ತಂತಿ ಸಾಮಾನ್ಯವಾಗಿ ಜೀವನಪೂರ್ತಿ ಒಳಗೇ ಇರುತ್ತೆ.

ಅಪಾಯ ಇಲ್ಲವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಯಸ್ಸು, ಸಕ್ಕರೆ, ಕಿಡ್ನಿ, ಹೃದಯದ ಪಂಪಿಂಗ್ ಶಕ್ತಿ, ಇವೆಲ್ಲ ಸೇರಿ ಒಬ್ಬೊಬ್ಬರ ಲೆಕ್ಕ ಒಂದೊಂದು. "ನಮ್ಮ ಅಪ್ಪನಿಗೆ ಎಷ್ಟು ರಿಸ್ಕ್ ಸರ್?" ಅಂತ ಸರ್ಜನ್‌ರನ್ನೇ ನೇರವಾಗಿ ಕೇಳಿ. ಕೇಳಿದರೆ ಬೇಜಾರಾಗುತ್ತಾರೆ ಅನ್ನುವ ಅಂಜಿಕೆ ಬೇಡ.

ಆಪರೇಷನ್‌ಗೆ ಮೊದಲು ನಿಮ್ಮ ಕೈಲಿರುವ ದೊಡ್ಡ ಕೆಲಸ ಬೀಡಿ, ಸಿಗರೇಟು ಬಿಡುವುದು. ದಿನಾಂಕ ಗೊತ್ತಾದ ದಿನವೇ ಬಿಡಿ. ಸೇದುವವರ ಎದೆಯಲ್ಲಿ ಕಫ ಜಾಸ್ತಿ, ಕೆಮ್ಮು ಜಾಸ್ತಿ, ಆಪರೇಷನ್ ಆದಮೇಲೆ ಆ ಪ್ರತಿ ಕೆಮ್ಮೂ ಹೊಸ ಗಾಯವನ್ನು ಎಳೆಯುತ್ತೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಡಾಕ್ಟರ್ ಹೇಳುತ್ತಾರೆ, ನೀವಾಗೇ ನಿಲ್ಲಿಸಬೇಡಿ. ನಾಟಿ ಔಷಧಿ, ಕಷಾಯ ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. ಆಪರೇಷನ್ ದಿನ ತಾಳಿ, ಕಾಲುಂಗುರ ತೆಗೆಯಿರಿ ಅಂದಾಗ ಎಷ್ಟೋ ಅಮ್ಮಂದಿರ ಕಣ್ಣು ತುಂಬುತ್ತೆ. ಮನೆಯಲ್ಲೇ ಅವರಿಗೆ ಹೇಳಿಟ್ಟಿದ್ದರೆ ಆ ಗಳಿಗೆ ಅಷ್ಟು ಕಷ್ಟ ಆಗುವುದಿಲ್ಲ.

ಇನ್ನು ಐಸಿಯು. ಮನೆಯವರು ಮೊದಲ ಸಲ ಒಳಗೆ ಬಂದಾಗ ಬೆಚ್ಚಿ ಹಿಂದೆ ಸರಿಯುವುದನ್ನು ನೋಡುತ್ತಲೇ ಇರುತ್ತೇನೆ. ಮುಖ ಊದಿರುತ್ತೆ. ಬಾಯಲ್ಲಿ ವೆಂಟಿಲೇಟರ್ ಪೈಪು, ಕುತ್ತಿಗೆಯಲ್ಲಿ ಸೂಜಿ, ಎದೆಯ ಕೆಳಗಿಂದ ರಕ್ತ ಬಸಿಯುವ ಪೈಪುಗಳು, ಮೂತ್ರದ ಚೀಲ. ಇವೆಲ್ಲ ಇರಬೇಕಾದವೇ. ಎಚ್ಚರ ಆದಾಗ ರೋಗಿಗೆ ಮಾತು ಹೊರಡುವುದಿಲ್ಲ, ಪೈಪು ಗಂಟಲಿನಲ್ಲಿರುತ್ತೆ. ಗೊತ್ತಿಲ್ಲದೆ ಕಿತ್ತುಕೊಳ್ಳಬಾರದು ಅಂತ ಕೆಲವೊಮ್ಮೆ ಕೈಗಳನ್ನು ಸಡಿಲವಾಗಿ ಕಟ್ಟಿರುತ್ತೇವೆ. ತಾನಾಗಿ ಚೆನ್ನಾಗಿ ಉಸಿರಾಡಿದ ಮೇಲೆ ಪೈಪು ತೆಗೆಯುತ್ತಾರೆ. ಹೆಚ್ಚಿನವರಿಗೆ ಅದೇ ದಿನ ಅಥವಾ ಮರುದಿನ. "ಎದ್ದಾಗ ಮಾತು ಬರಲ್ಲ, ಗಾಬರಿ ಬೇಡ, ಕಣ್ಣು ಮಿಟುಕಿಸಿ, ತಲೆಯಾಡಿಸಿ" ಅಂತ ಹಿಂದಿನ ದಿನವೇ ಹೇಳಿಸಿಕೊಂಡವರು ಎಷ್ಟು ಸಮಾಧಾನವಾಗಿ ಮಲಗಿರುತ್ತಾರೆ ಗೊತ್ತಾ?

ಯಾರೂ ಮೊದಲೇ ಹೇಳದ ಇನ್ನೊಂದು ವಿಷಯ ಇದೆ. ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಎರಡು ಮೂರನೇ ದಿನ ತಲೆ ಗೊಂದಲವಾಗುತ್ತೆ. ಗೋಡೆ ಮೇಲೆ ಇರುವೆ ಹರಿಯುತ್ತಿದೆ ಅನ್ನುತ್ತಾರೆ. ಇವರೆಲ್ಲ ಸೇರಿ ನನ್ನನ್ನು ಕೊಲ್ಲುತ್ತಾರೆ ಅಂತ ಮಗನ ಕಿವಿಯಲ್ಲಿ ಪಿಸುಗುಡುತ್ತಾರೆ. ಮಗ ಅಳುತ್ತಾನೆ, ಅಪ್ಪನಿಗೆ ಹುಚ್ಚು ಹಿಡಿಯಿತೇ ಅಂತ. ಇಲ್ಲ. ಅರಿವಳಿಕೆ, ನೋವಿನ ಔಷಧಿ, ಹಗಲು ರಾತ್ರಿ ಒಂದೇ ಆಗಿರುವ ಐಸಿಯು ಬೆಳಕು, ಕೆಟ್ಟ ನಿದ್ರೆ, ಎಲ್ಲ ಸೇರಿ ಹೀಗಾಗುತ್ತೆ. ಹೆಚ್ಚಿನವರಿಗೆ ಕೆಲವು ದಿನದಲ್ಲಿ ಸರಿಹೋಗುತ್ತೆ. ವಾದ ಮಾಡಬೇಡಿ. ಅವರ ಕನ್ನಡಕ, ಕಿವಿ ಮಷಿನ್ ತಂದುಕೊಡಿ. ಇವತ್ತು ಯಾವ ವಾರ, ಈಗ ಬೆಳಗ್ಗೆಯೋ ಸಂಜೆಯೋ, ನೀವು ಯಾರು ಅಂತ ಮೆಲ್ಲಗೆ ಹೇಳುತ್ತಿರಿ. ಪರಿಚಿತ ದನಿ ಬಹಳ ಕೆಲಸ ಮಾಡುತ್ತೆ.

ವಾರ್ಡಿಗೆ ಬಂದಮೇಲೆ ಮೂರು ಚೆಂಡಿನ ಡಬ್ಬಿ ಕೊಡುತ್ತೇವೆ, ಸ್ಪೈರೋಮೀಟರ್. ಉಸಿರು ಒಳಗೆಳೆದು ಚೆಂಡು ಏರಿಸಬೇಕು. ನೋವಿಗೆ ಹೆದರಿ ಮೇಲುಸಿರಲ್ಲೇ ಇದ್ದುಬಿಟ್ಟರೆ ಶ್ವಾಸಕೋಶದ ಕೆಳಭಾಗ ಮುಚ್ಚಿಕೊಂಡು ನ್ಯುಮೋನಿಯಾ ಬರಬಹುದು. ದಿಂಬನ್ನು ಎದೆಗೆ ಗಟ್ಟಿಯಾಗಿ ಅವಚಿಕೊಂಡು ಕೆಮ್ಮಿ, ನೋವು ಕಡಿಮೆ. ನೋವು ಇದ್ದರೆ ಕೇಳಿ ಮಾತ್ರೆ ತಗೊಳ್ಳಿ. ತಡೆದುಕೊಳ್ಳುವುದರಲ್ಲಿ ಯಾವ ಲಾಭವೂ ಇಲ್ಲ. ಈ ದಿನಗಳಲ್ಲಿ ಎದೆಬಡಿತ ಏರುಪೇರಾಗುವುದೂ ಸಾಮಾನ್ಯ, ಅದಕ್ಕೆ ಔಷಧಿ ಇದೆ.

ಮನೆಗೆ ಹೋದಮೇಲಿನ ಕಥೆಯೇ ಬೇರೆ. ಮೇಲಿನ ಚರ್ಮ ಬೇಗ ಮಾಯುತ್ತೆ, ಒಳಗಿನ ಮೂಳೆ ಕೂಡಲು ಆರರಿಂದ ಹನ್ನೆರಡು ವಾರ ಬೇಕು. ಗಾಯ ಒಣಗಿತು ಅಂತ ಬಿಂದಿಗೆ ಎತ್ತುವವರು ಇದ್ದಾರೆ. ಬಿಂದಿಗೆ, ಸಿಲಿಂಡರ್, ಮೊಮ್ಮಗು ಯಾವುದನ್ನೂ ಎತ್ತಬೇಡಿ. ಹಸುವಿನ ಹಗ್ಗ ಎಳೆಯಬೇಡಿ. ಏಳುವಾಗ ಕೈ ಊರಬೇಡಿ, ಪಕ್ಕಕ್ಕೆ ಹೊರಳಿ ಕಾಲು ಇಳಿಬಿಟ್ಟು ಏಳಿ. ಕುಕ್ಕರಗಾಲಲ್ಲಿ ಕೂರುವ ಕಕ್ಕಸ್ಸು ಇದ್ದರೆ ಸ್ವಲ್ಪ ದಿನಕ್ಕೆ ಕಮೋಡ್ ಕುರ್ಚಿ ಇಡಿ. ಬೈಕು, ಸ್ಕೂಟರ್ ಎರಡು ತಿಂಗಳಾದರೂ ಬೇಡ, ಆಮೇಲೂ ಡಾಕ್ಟರನ್ನು ಕೇಳಿಯೇ.

ಹೆಂಗಸರ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಾಗುತ್ತೆ. ಗಂಡಸು ಮನೆಗೆ ಬಂದರೆ ಮೂರು ತಿಂಗಳು ಆರೈಕೆ. ಅಮ್ಮ ಬಂದರೆ ಎರಡನೇ ವಾರಕ್ಕೆ ಮುದ್ದೆ ತಿರುವುತ್ತಿರುತ್ತಾಳೆ, ಬಟ್ಟೆ ಹಿಂಡುತ್ತಿರುತ್ತಾಳೆ. ಆ ಎರಡೂ ಕೆಲಸದಲ್ಲಿ ಬಲ ಬೀಳುವುದು ಎದೆಯ ಮೂಳೆಯ ಮೇಲೇ. ಅಡುಗೆ ಯಾರು ಮಾಡುತ್ತೀರಿ ಅಂತ ಡಿಸ್ಚಾರ್ಜ್‌ಗೆ ಮೊದಲೇ ಮನೆಯಲ್ಲಿ ತೀರ್ಮಾನ ಮಾಡಿ. ಇನ್ನೊಂದು ಮಾತು, ಸಂಕೋಚಪಟ್ಟು ಬ್ರಾ ಬಿಡಬೇಡಿ. ಮೆತ್ತನೆಯ, ಮುಂದೆ ಹುಕ್ ಇರುವ ಬ್ರಾ ಹಾಕಿದರೆ ಗಾಯದ ಮೇಲಿನ ಎಳೆತ ಕಡಿಮೆಯಾಗುತ್ತೆ.

ಮನಸ್ಸು ಕುಗ್ಗುವುದು ಇನ್ನೊಂದು. ಯಾವತ್ತೂ ಅಳದ ಮನುಷ್ಯ ಊಟದ ತಟ್ಟೆ ಮುಂದೆ ಕೂತು ಅಳುತ್ತಾನೆ. ಊಟ ರುಚಿಸಲ್ಲ, ರಾತ್ರಿ ನಿದ್ರೆ ಇಲ್ಲ. "ಬದುಕಿದೆಯಲ್ಲ, ಇನ್ನೇನು ಬೇಕು" ಅಂತ ಬುದ್ಧಿ ಹೇಳಬೇಡಿ. ಜೊತೆಗೆ ನಡೆಯಿರಿ. ಮನೆಯೊಳಗೆ ಐದು ನಿಮಿಷದಿಂದ ಶುರುಮಾಡಿ, ದಿನಾ ಸ್ವಲ್ಪ ಜಾಸ್ತಿ ಮಾಡಿ. ಕೆಲವು ವಾರವಾದರೂ ಮಂಕು ಬಿಡದಿದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಕಾಯದೆ ಆಸ್ಪತ್ರೆಗೆ ಫೋನ್ ಮಾಡಬೇಕಾದ ಸಂದರ್ಭಗಳು ಬೇರೆ. ಜ್ವರ, ಗಾಯ ಕೆಂಪಾಗಿ ಕೀವು ಬರುವುದು, ಹೊರಳಿದಾಗ ಎದೆಮೂಳೆ ಟಕ್ ಅನ್ನುವುದು, ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿನದಲ್ಲೇ ತೂಕ ಎರಡು ಕೆಜಿ ಏರುವುದು. ರಕ್ತನಾಳ ತೆಗೆದ ಕಾಲು ಸ್ವಲ್ಪ ಊದಿಕೊಳ್ಳುವುದು, ಎದೆಯ ಎಡಭಾಗ ಜೋಮು ಹಿಡಿದಂತಿರುವುದು ಮಾತ್ರ ಸಹಜ.

ಮೆಟಲ್ ವಾಲ್ವ್ ಹಾಕಿಸಿಕೊಂಡವರಿಗೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಅಸಿಟ್ರೋಮ್ ಅಥವಾ ವಾರ್ಫರಿನ್ ಮಾತ್ರೆ ಬೇಕು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡುವ ಐಎನ್‌ಆರ್ ಟೆಸ್ಟ್ ಆಗಾಗ ಬೇಕು. ಮಾತ್ರೆ ಬಿಟ್ಟರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುತ್ತೆ. ಸೊಪ್ಪು ಈ ಮಾತ್ರೆಯ ಬಲ ಕುಗ್ಗಿಸುತ್ತೆ, ಹಾಗಂತ ತಿನ್ನಲೇಬಾರದು ಅನ್ನುವುದು ತಪ್ಪು, ವಾರವಾರವೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಿಂದರಾಯಿತು. ಮಗು ಬೇಕು ಅನ್ನುವ ಹೆಣ್ಣುಮಕ್ಕಳು ಯಾವ ವಾಲ್ವ್ ಹಾಕುವುದು ಅಂತ ನಿರ್ಧರಿಸುವ ಮೊದಲೇ ಅದನ್ನು ಹೇಳಬೇಕು. ಈ ಮಾತ್ರೆಗಳಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗಬಹುದು.

ದುಡ್ಡಿನ ವಿಷಯವಾಗಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ರೇಷನ್ ಕಾರ್ಡ್, ಆಧಾರ್ ಹಿಡಿದು ನೋಡಿ. ಬಿಲ್ ಕಟ್ಟಿದ ಮೇಲೆ ಓಡಾಡಿ ಪ್ರಯೋಜನ ಇಲ್ಲ.

ಬೈಪಾಸ್ ಆಯಿತು, ಇನ್ನು ಎಲ್ಲ ಕ್ಲಿಯರ್ ಅಂದುಕೊಳ್ಳುವವರಿಗೆ ಹೇಳಲೇಬೇಕು. ರಕ್ತನಾಳದಲ್ಲಿ ಬ್ಲಾಕ್ ಮಾಡಿದ ಕಾಯಿಲೆ ದೇಹದಲ್ಲಿ ಹಾಗೇ ಇದೆ. ಎದೆಯಿಂದ ತೆಗೆದ ರಕ್ತನಾಳ ಹೆಚ್ಚಿನವರಲ್ಲಿ ಹತ್ತು ವರ್ಷ ದಾಟಿ ಚೆನ್ನಾಗಿರುತ್ತೆ, ಕಾಲಿನದು ಅಷ್ಟು ಬಾಳುವುದಿಲ್ಲ. ಮತ್ತೆ ಬೀಡಿ ಹಿಡಿದರೆ ಇನ್ನೂ ಬೇಗ ಮುಚ್ಚುತ್ತೆ. ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆ ಬಹುತೇಕ ಎಲ್ಲರಿಗೂ ಕೊನೆಯವರೆಗೂ ಇರುತ್ತೆ. ಚೆನ್ನಾಗಿದ್ದೀನಲ್ಲ ಅಂತ ನಿಲ್ಲಿಸಬೇಡಿ, ಆ ಮಾತ್ರೆ ತಗೊಳ್ಳುತ್ತಿರುವುದರಿಂದಲೂ ನೀವು ಚೆನ್ನಾಗಿದ್ದೀರಿ. ಡಿಸ್ಚಾರ್ಜ್ ಚೀಟಿಯ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿರಲಿ. ಇನ್ನೂ ನಾಲ್ಕು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನ ಶೀಟು ತಂದಿಡಿ.