ನನ್ನ ಪಾತ್ರಕ್ಕೆ ಏನು ಹೆಸರಿಡಲಿ?

ಆಟಕ್ಕೆ ಹೊಸದಾಗಿ ಸೇರುವವರು ಯಾರೇ ಇರಲಿ, ಮೊದಲ ವಾರದಲ್ಲಿ ನನಗೆ ಕಳುಹಿಸುವ ಸಂದೇಶ ಬಹುಮಟ್ಟಿಗೆ ಒಂದೇ: "ನನ್ನ ಪಾತ್ರಕ್ಕೆ ಒಂದು ಒಳ್ಳೆಯ ಹೆಸರು ಹೇಳಿ ಸರ್." ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಸುತ್ತ ಐದಾರು ಜನ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ; ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಅದು. ಕಥೆ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ನಿಯಮದ ಪುಸ್ತಕ ಇಂಗ್ಲಿಷಿನದು, ಆಡುವುದು ಕನ್ನಡದಲ್ಲಿ. ಹೊಸಬರು ಕ್ಯಾರೆಕ್ಟರ್ ಶೀಟಿನಲ್ಲಿ ಶಕ್ತಿ, ಚುರುಕುತನಗಳ ಅಂಕಗಳನ್ನು ಅರ್ಧ ಗಂಟೆಯಲ್ಲಿ ತುಂಬಿಬಿಡುತ್ತಾರೆ. ಎಲ್ಲಕ್ಕಿಂತ ಮೇಲಿರುವ ಹೆಸರಿನ ಗೆರೆಯ ಮುಂದೆ ಮಾತ್ರ ಪೆನ್ಸಿಲ್ ನಿಂತುಬಿಡುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಮ್ಮೆಗೇ ಬರೆದಿಡುತ್ತಿದ್ದೇನೆ.

ನಾನು ಹೆಸರು ಹೇಳುವುದಿಲ್ಲ, ಮರುಪ್ರಶ್ನೆ ಹಾಕುತ್ತೇನೆ. ಆ ಪಾತ್ರವನ್ನು ಹೆಸರು ಹಿಡಿದು ಕರೆಯುವವರು ಯಾರು, ಅವರ ಬಾಯಲ್ಲಿ ಆ ಹೆಸರು ಇಷ್ಟು ಹೊತ್ತಿಗೆ ಹೇಗೆ ಸವೆದಿರಬೇಕು? ಇಪ್ಪತ್ತು ವರ್ಷ ಒಂದೇ ಊರಿನಲ್ಲಿ ಬೆಳೆದ ಹುಡುಗನನ್ನು ಊರಿನವರೆಲ್ಲ ನಾಮಕರಣದ ಪೂರ್ತಿ ಹೆಸರಿನಿಂದಲೇ ಕೂಗುತ್ತಿದ್ದರು ಎಂದರೆ ನನಗೆ ಆ ಊರಿನ ಮೇಲೆಯೇ ನಂಬಿಕೆ ಹುಟ್ಟುವುದಿಲ್ಲ. ಅಲ್ಲದೆ ಸವೆಯದ ಹೆಸರನ್ನು ತಂದರೆ ಮೇಜಿನ ಸುತ್ತ ಕುಳಿತವರೇ ಅದನ್ನು ಸವೆಸುತ್ತಾರೆ, ಅದೂ ನಮಗೆ ಬೇಡವಾದ ರೀತಿಯಲ್ಲಿ. ಗೆಳೆಯರೊಬ್ಬರು ಎರಡು ರಾತ್ರಿ ಕುಳಿತು ಎಲ್ಫ್ ಎಂಬ ಕಿನ್ನರರಂಥ ಕುಲದ ತಮ್ಮ ಬಿಲ್ಲುಗಾರನಿಗೆ ಏಲಾರಿಯಾಂಥಿರಿಯನ್ ಎಂದು ಹೆಸರಿಟ್ಟು ತಂದಿದ್ದರು. ಮೊದಲ ಕಾಳಗದಲ್ಲಿಯೇ ಪಕ್ಕದಲ್ಲಿದ್ದ ಹುಡುಗಿ "ಏಲಾ... ಏಲಾರಿ... ಏಯ್ ಏಲಕ್ಕಿ, ಬಾಣ ಬಿಡು!" ಎಂದು ಕೂಗಿದಳು. ಆಮೇಲೆ ಆತ ಏಲಕ್ಕಿಯೇ. ಏಳು ತಿಂಗಳ ನಂತರ ಅವನು ತನ್ನವರನ್ನು ದಾಟಿಸಲು ಸೇತುವೆಯ ಮೇಲೆ ಒಬ್ಬನೇ ನಿಂತು ಮಡಿದಾಗ, ನಾನು ನನಗೆ ಸಾಧ್ಯವಿದ್ದಷ್ಟು ಗಂಭೀರವಾದ ದನಿಯಲ್ಲಿ ಆ ಸಾವನ್ನು ಬಣ್ಣಿಸಿದೆ. ಯಾರೋ ಮೆಲ್ಲಗೆ "ಏಲಕ್ಕಿ ಪುಡಿಯಾಯಿತು" ಎಂದರು. ಅಲ್ಲಿಗೆ ಆ ದಿನದ ಶೋಕ ಮುಗಿಯಿತು.

ಇದು ನಮ್ಮ ಮೇಜಿನ ಚಾಳಿ ಮಾತ್ರವಲ್ಲ. 1974ರಲ್ಲಿ ಈ ಆಟವನ್ನು ಹೊರತಂದ ಗ್ಯಾರಿ ಗೈಗ್ಯಾಕ್ಸ್ ಅವರ ಬಳಗದಲ್ಲಿಯೂ ಹೆಸರುಗಳು ಹೀಗೆಯೇ ಹುಟ್ಟಿದವು. ಅವರ ಮಗನೊಬ್ಬನ ಪಾತ್ರದ ಹಾಳೆಯಲ್ಲಿ ಗಂಡು ಎಂಬುದಕ್ಕೆ 'ಎಂ' ಎಂಬ ಅಕ್ಷರವೂ ಕುಲದ ಜಾಗದಲ್ಲಿ 'ಎಲ್ಫ್' ಎಂಬ ಪದವೂ ಇದ್ದವು. ಎರಡನ್ನೂ ಕೂಡಿಸಿ ಓದಿ ಅವನಿಗೆ ಮೆಲ್ಫ್ ಎಂದು ಹೆಸರಾಯಿತು. ಇನ್ನೊಬ್ಬ ಮಗ ಅರ್ನೆಸ್ಟ್‌ನ ಹೆಸರಿನ ಅಕ್ಷರಗಳನ್ನು ಕಲಸಿದಾಗ ಟೆನ್ಸರ್ ಬಂದ, ಬಳಗದ ಆಟಗಾರ ಜಿಮ್ ವಾರ್ಡ್ ಹೆಸರನ್ನು ಹಿಂದುಮುಂದಾಗಿ ಓದಿದಾಗ ಡ್ರಾಮಿಜ್ ಬಂದ. ಇವರ ಹೆಸರಿನ ಮಂತ್ರಗಳು ನಿಯಮದ ಪುಸ್ತಕವನ್ನೇ ಸೇರಿದವು. ಇವುಗಳಲ್ಲಿ ಗಾಂಭೀರ್ಯವೇನೂ ಇಲ್ಲ; ಎಲ್ಲವೂ ಒಂದೇ ಉಸಿರಿಗೆ ಬಾಯಿಗೆ ಬರುತ್ತವೆ, ಅಷ್ಟೆ.

ಕನ್ನಡದಲ್ಲಿ ಆಡುವವರಿಗೆ ಸವೆದ ಹೆಸರು ಬೇಕೆಂದರೆ ಶಾಸನಗಳಷ್ಟು ಒಳ್ಳೆಯ ಕಣಜ ಬೇರೊಂದಿಲ್ಲ. ರಾಷ್ಟ್ರಕೂಟರ ಕೃಷ್ಣ ಅಲ್ಲಿ ಕನ್ನರ, ಗೋವಿಂದ ಗೊಜ್ಜಿಗ; ಹೊಯ್ಸಳ ವಿಷ್ಣುವರ್ಧನ ಬಿಟ್ಟಿದೇವ. ಬ್ರಹ್ಮ ಬೊಮ್ಮನಾಗುತ್ತಾನೆ, ದುರ್ಗ ದುಗ್ಗನಾಗುತ್ತಾನೆ, ವೀರ ಬೀರನಾಗುತ್ತಾನೆ, ಯಕ್ಷನಿಂದ ಜಕ್ಕಣ್ಣನೂ ಜಕ್ಕಿಯಬ್ಬೆಯೂ ಬರುತ್ತಾರೆ. ಕೇಶಿರಾಜ ಹದಿಮೂರನೆಯ ಶತಮಾನದ ತನ್ನ 'ಶಬ್ದಮಣಿದರ್ಪಣ'ದಲ್ಲಿ ಈ ಸವೆತಕ್ಕೆಂದೇ ಅಪಭ್ರಂಶ ಪ್ರಕರಣವನ್ನು ಬರೆದಿದ್ದಾನೆ. ಶಾಲೆಯಲ್ಲಿ ತತ್ಸಮ-ತದ್ಭವದ ಪಟ್ಟಿಯನ್ನು ಬೈದುಕೊಂಡು ಬಾಯಿಪಾಠ ಮಾಡಿದ ನಾನು ಈಗ ಅದೇ ಪಟ್ಟಿಯನ್ನು ಡಿಎಂ ಪರದೆಯ ಹಿಂದೆ ಅಂಟಿಸಿಕೊಂಡಿದ್ದೇನೆ. ಹೆಂಗಸರಿಗೆ -ಅಬ್ಬೆ, ಗಂಡಸರಿಗೆ -ಅಯ್ಯ ಅಥವಾ -ಇಗ, ಆಳುವವರಿಗೆ -ಅರಸ ಎಂದು ಕೊನೆಗೆ ಸೇರಿಸಿದರೆ ಒಂದು ಸೀಮೆಯ ಜನರೆಲ್ಲ ಒಂದೇ ಸೀಮೆಯವರಂತೆ ಕೇಳಿಸುತ್ತಾರೆ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನಿದ್ದಾನೆ. ಆತಕೂರಿನ ಕಲ್ಲಿನಲ್ಲಿ ಗಂಗ ಬೂತುಗನ ಬಂಟ ಮಣಲೆರನಿದ್ದಾನೆ, ಹಂದಿಯೊಡನೆ ಹೋರಾಡಿ ಸತ್ತ ಅವನ ನಾಯಿ ಕಾಳಿಯೂ ಇದೆ. ನಾಯಿ ಸಾಕುವ ಬೇಟೆಗಾರನ ಪಾತ್ರ ಮಾಡುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಇದರಿಂದ ಕಥೆಗೂ ಲಾಭವಿದೆ. ಹಳಗನ್ನಡದ ಪಕಾರ ಹತ್ತನೆಯ ಶತಮಾನದ ಈಚೆಗೆ ಕ್ರಮೇಣ ಹಕಾರವಾಯಿತು. ಪಾಲ್ ಹಾಲಾಯಿತು, ಪಗೆ ಹಗೆಯಾಯಿತು, ಪುಲಿಗೆರೆ ಹುಲಿಗೆರೆಯಾಯಿತು. ನನ್ನ ಕಥೆಯ ಲೋಕದಲ್ಲಿಯೂ ಹಳೆಯವರಿಗೆ ಪಕಾರ, ಇಂದಿನವರಿಗೆ ಹಕಾರ ಎಂದು ಗೊತ್ತುಮಾಡಿದ್ದೆ, ಆದರೆ ಯಾರಿಗೂ ಹೇಳಿರಲಿಲ್ಲ. ಒಬ್ಬರ ಬೇಟೆಗಾರನ ಹೆಸರು ಹುಲಿಗ. ಪಾಳುಗುಡಿಯ ನೆಲಮಾಳಿಗೆಯಲ್ಲಿ ಸಿಕ್ಕ ಸಮಾಧಿಯ ಮೇಲೆ 'ಪುಲಿಗ' ಎಂದಿದೆ ಎಂದು ನಾನು ಓದಿ ಹೇಳಿದಾಗ ಎಲ್ಲರೂ ನಿಧಿ ಎಲ್ಲಿದೆಯೆಂದು ಹುಡುಕುವುದರಲ್ಲಿದ್ದರು. ಅವರೊಬ್ಬರು ಮಾತ್ರ ಕೈಯಲ್ಲಿದ್ದ ದಾಳವನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಮ್ಮ ಮುತ್ತಾತನ ಗೋರಿ ಅಲ್ವಾ?" ಎಂದರು. ನಾಲ್ಕು ಪುಟ ವಂಶಾವಳಿ ಬರೆದು ಹಂಚಿದ್ದರೂ ಆ ಮೌನ ನನಗೆ ದಕ್ಕುತ್ತಿರಲಿಲ್ಲ.

ರಣಭೀಕರ, ಅಗ್ನಿವಜ್ರ ಎಂಬಂಥ ಹೆಸರುಗಳನ್ನು ತರುವವರಿಗೆ ನಾನು ಹೇಳುವುದು ಇಷ್ಟೇ: ಅವು ಹೆಸರುಗಳಲ್ಲ, ಬಿರುದುಗಳು. ಚಾವುಂಡರಾಯನಿಗೆ ಗೋನೂರಿನ ಯುದ್ಧಕ್ಕೆ ವೀರಮಾರ್ತಾಂಡ ಎಂದೂ ಉಚ್ಚಂಗಿಯ ಕೋಟೆಯ ಕಾಳಗಕ್ಕೆ ರಣರಂಗಸಿಂಗ ಎಂದೂ ಬಿರುದು ಬಂದವು. ತೊಟ್ಟಿಲಲ್ಲಿ ಅವನನ್ನು ಯಾರೂ ಹಾಗೆ ಕರೆದಿರಲಾರರು. ಒಂದನೆಯ ಲೆವೆಲ್ಲಿನಲ್ಲಿ ಹೆಗ್ಗಣದ ಕಡಿತಕ್ಕೇ ಸಾಯುವ ಸ್ಥಿತಿಯಲ್ಲಿರುವ ವೀರನು ದುಗ್ಗನಾಗಿಯೇ ಇರಲಿ. ಗೆದ್ದ ಮೇಲೆ ಬಿರುದನ್ನು ಉಳಿದ ಆಟಗಾರರು ಕೊಡಲಿ. ನಮ್ಮಲ್ಲಿ ಈಗ ಅದೇ ಪದ್ಧತಿ.

ಒಂದು ತಪ್ಪನ್ನು ನಾನೇ ಮಾಡಿದ್ದೇನೆ. ಕಾಡಿನಿಂದ ದಾಳಿ ಮಾಡುವ ರಾಕ್ಷಸರಂಥ ಆರ್ಕ್‌ಗಳಿಗೆ ಹೆಸರು ಬೇಕಾದಾಗ, ಒರಟಾಗಿ ಕೇಳಿಸಲಿ ಎಂದು ಬೋರ, ಕರಿಯ ಎಂದು ಇಟ್ಟೆ. ವಿರಾಮದಲ್ಲಿ ಕಾಫಿ ಬಗ್ಗಿಸುವಾಗ ಒಬ್ಬ ಆಟಗಾರ, ದೂರಿನ ದನಿಯೇನೂ ಇಲ್ಲದೆ, "ಬೋರ ಅನ್ನೋದು ನಮ್ಮ ತಾತನ ಹೆಸರು ಸರ್" ಎಂದರು. ನಮ್ಮ ಹೆಸರುಗಳಿಗೆ ಜಾತಿಯೂ ಊರೂ ಅಂಟಿಕೊಂಡಿರುತ್ತವೆ. ನನ್ನ ಕಿವಿಗೆ ಒರಟೆನಿಸಿದ್ದು ಯಾರದೋ ಮನೆಯ ಹಿರಿಯರ ಹೆಸರಾಗಿತ್ತು. ಮುಂದಿನ ವಾರದಿಂದ ಆರ್ಕ್‌ಗಳ ಹೆಸರುಗಳನ್ನು ಪೂರ್ತಿ ಬದಲಾಯಿಸಿದೆ. ಅವರಿಗೀಗ ಯಾವ ಕನ್ನಡ ಮನೆಯಲ್ಲಿಯೂ ಇಲ್ಲದ, ಘ-ಝ-ಢಗಳೇ ತುಂಬಿದ ನುಡಿಯೊಂದಿದೆ. ಬೋರಯ್ಯ ಎಂಬ ಹೆಸರನ್ನು ಹೆಬ್ಬಾಗಿಲಿನ ಕಾವಲುಪಡೆಯ ನಾಯಕನಿಗೆ ಕೊಟ್ಟೆ. ಅವನು ಇಂದಿಗೂ ಬದುಕಿದ್ದಾನೆ.

ಇನ್ನು ಉಳಿದವು ಸಣ್ಣಪುಟ್ಟವು. ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದು ನೋಡಿ. ಎಲ್ಲಿ ಒತ್ತು, ಎಲ್ಲಿ ದೀರ್ಘ ಎಂದು ನಿಮಗೇ ತೋಚದಿದ್ದರೆ ಬೇರೆಯವರು ಅದನ್ನು ಕೂಗಲಾರರು. ಇಂಗ್ಲಿಷ್ ಪಟ್ಟಿಗಳಲ್ಲಿ ಹೆಸರಿನ ನಡುವೆ ಸಿಕ್ಕಿಸುವ ಅಪಾಸ್ಟ್ರಫಿ (') ಚಿಹ್ನೆಗೆ ನಮ್ಮ ಲಿಪಿಯಲ್ಲಿ ಕೆಲಸವೇ ಇಲ್ಲ. ಒಂದೇ ತಂಡದಲ್ಲಿ ಕೇತ, ಕೆಂಚ, ಕೆಂಪ ಮೂವರೂ ಇರುವುದು ಬೇಡ. ಗುಣಪಡಿಸುವ ಮಂತ್ರ ಯಾರಿಗೆ ತಗುಲಿತು ಎಂಬ ಜಗಳವನ್ನು ಬಿಡಿಸಿ ನನಗೆ ಸಾಕಾಗಿದೆ.

ಇಷ್ಟೆಲ್ಲ ಆದ ಮೇಲೂ ಹೆಸರು ಹೊಳೆಯದಿದ್ದರೆ ಆ ಗೆರೆಯನ್ನು ಖಾಲಿ ಬಿಟ್ಟೇ ಆಟಕ್ಕೆ ಬನ್ನಿ. ಈಗಿನ ತಂಡದಲ್ಲಿ ಒಬ್ಬರು ಹಾಗೆಯೇ ಬಂದರು. ಮೊದಲ ದಿನವೇ ಅವರ ಕತ್ತಿ ಬಾವಿಗೆ ಬಿತ್ತು, ಛತ್ರದ ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಸೌಟಿನಿಂದ ಇಬ್ಬರು ಕಳ್ಳರನ್ನು ಬಡಿದು ಕೆಡವಿದರು. ಮೂರನೆಯ ವಾರ ನೋಡಿದರೆ ಅವರ ಹಾಳೆಯ ಮೇಲೆ ಬೇರೆ ಯಾರದೋ ಕೈಬರಹದಲ್ಲಿ 'ಸೌಟಿಗ' ಎಂದಿತ್ತು. ಅವರು ಅದನ್ನು ಅಳಿಸಿಲ್ಲ.