ಫಿಲ್ಟರ್ ಎಸೆಯುವ ಮುಂಚೆ ಬಿಚ್ಚಿ ನೋಡಿ: ಹಳೆಯ ಬಾಕ್ಸ್‌ಟರ್‌ಗೆ ಮನೆಯಲ್ಲೇ ಆಯಿಲ್ ಚೇಂಜ್

ಚಿಕ್ಕಬಳ್ಳಾಪುರದ ಕಡೆ ತೋಟದ ಮನೆ, ಹಳೆಯ ಸ್ಪೋರ್ಟ್ಸ್ ಕಾರು ಎರಡೂ ಇಟ್ಟುಕೊಂಡವರು ಗ್ಯಾರೇಜಿಗೆ ಬಂದಾಗ ತಪ್ಪದೆ ಕೇಳುವ ಪ್ರಶ್ನೆ: ಆಯಿಲ್ ಚೇಂಜ್ ನಾವೇ ಮಾಡಿಕೊಳ್ಳಬಹುದಾ? ಮಾಡಿಕೊಳ್ಳಬಹುದು, ಮಾಡಿಕೊಳ್ಳಲೇಬೇಕು ಅನ್ನುವುದು ನಮ್ಮ ಮಾತು. ದುಡ್ಡು ಉಳಿಯುತ್ತದೆ ಅನ್ನುವುದು ಸಣ್ಣ ಕಾರಣ. ಇಳಿಸಿದ ಆಯಿಲ್‌ನಲ್ಲಿ, ಬಿಚ್ಚಿದ ಫಿಲ್ಟರ್‌ನಲ್ಲಿ ಎಂಜಿನ್ನಿನ ಒಳಗಿನ ಸಮಾಚಾರವೆಲ್ಲ ಇರುತ್ತದೆ. ಅದನ್ನು ಕೂತು ನಿಧಾನವಾಗಿ ನೋಡುವ ಪುರುಸೊತ್ತು ದಿನಕ್ಕೆ ಹತ್ತು ಗಾಡಿ ನೋಡುವ ಗ್ಯಾರೇಜಿಗಿಂತ ಮಾಲೀಕರಿಗೇ ಹೆಚ್ಚು.

ಇಲ್ಲಿ ಬರೆಯುತ್ತಿರುವುದು 1996ರಿಂದ 2004ರವರೆಗೆ ತಯಾರಾದ ಮೊದಲ ತಲೆಮಾರಿನ ಪೋರ್ಷೆ ಬಾಕ್ಸ್‌ಟರ್, ಅಂದರೆ 986 ಮಾದರಿಯ ಬಗ್ಗೆ. ಇದರ ಆರು ಸಿಲಿಂಡರ್ ಎಂಜಿನ್ ಸೀಟಿನ ಹಿಂದೆ ಮಲಗಿದೆ. ಬಾನೆಟ್ ಎತ್ತಿದರೆ ಕಾಣುವುದು ಖಾಲಿ ಡಿಕ್ಕಿ ಮಾತ್ರ. ಆಯಿಲ್ ಹಾಕುವ ಬಾಯಿ, ಆಯಿಲ್ ಮಟ್ಟ ನೋಡುವ ಕಡ್ಡಿ ಅಂದರೆ ಡಿಪ್‌ಸ್ಟಿಕ್, ಎರಡೂ ಹಿಂದಿನ ಡಿಕ್ಕಿಯಲ್ಲಿವೆ. ಎಂಜಿನ್ ತಣಿಸುವ ಕೂಲೆಂಟ್ ಹಾಕುವ ಬಾಯಿಯೂ ಅಲ್ಲೇ ಪಕ್ಕದಲ್ಲಿದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆಯಿಲನ್ನು ಕೂಲೆಂಟ್ ಟ್ಯಾಂಕಿಗೆ ಸುರಿಯುವುದು ಈ ಗಾಡಿಯಲ್ಲಿ ಆಗಬಹುದಾದ ಅತಿ ದುಬಾರಿ ತಪ್ಪುಗಳಲ್ಲಿ ಒಂದು. ಹಾಗೆ ಸುರಿದ ಆಯಿಲ್ ಮುಂದಿನ ರೇಡಿಯೇಟರ್‌ಗಳವರೆಗೂ ಹೋಗಿ ಪೈಪುಗಳ ರಬ್ಬರನ್ನು ಊದಿಸುತ್ತದೆ. ಕೆಲಸ ಶುರು ಮಾಡುವ ಮುಂಚೆಯೇ ಕೂಲೆಂಟ್ ಮುಚ್ಚಳದ ಮೇಲೆ ಒಂದು ಟೇಪು ಅಂಟಿಸಿಬಿಡಿ.

ಬೇಕಾದ ಸಾಮಾನು ಇಷ್ಟು. ಪೋರ್ಷೆ ಎ40 ಅನುಮೋದನೆ ಇರುವ ಸಿಂಥೆಟಿಕ್ ಆಯಿಲ್ 9 ಲೀಟರ್. ಒಳಗೆ ಕಾಗದದ ಮಡಿಕೆ ಇರುವ ಫಿಲ್ಟರ್, ಅದರ ಜೊತೆಗೇ ಬರುವ ಓ-ರಿಂಗ್ ಅನ್ನುವ ರಬ್ಬರ್ ಬಳೆ. ಆಯಿಲ್ ಇಳಿಸಲು ಕೆಳಗೆ ಬಿಚ್ಚುವ ಡ್ರೇನ್ ಪ್ಲಗ್‌ಗೆ ಹೊಸ ಅಲ್ಯೂಮಿನಿಯಂ ವಾಷರ್. 8 ಎಂಎಂ ಆಲನ್ ಬಿಟ್, ಫಿಲ್ಟರ್ ಡಬ್ಬಿಗೆ ಕೂರುವ 14 ಮಡಿಕೆಯ ಕಪ್ ರೆಂಚ್, ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚ್. ಕನಿಷ್ಠ 12 ಲೀಟರ್ ಹಿಡಿಯುವ ಅಗಲವಾದ ಟಬ್ಬು. ಮಾಮೂಲಿ ಕಾರಿಗೆ ಸಾಕಾಗುವ 5 ಲೀಟರಿನ ಡಬ್ಬ ಇಲ್ಲಿ ಅರ್ಧದಲ್ಲೇ ತುಂಬಿ ಉಕ್ಕುತ್ತದೆ, ಬಿಸಿ ಆಯಿಲ್ ಸುರಿಯುತ್ತಿರುವಾಗ ಪ್ಲಗ್ ವಾಪಸ್ ಹಾಕುವುದು ಆಗುವ ಕೆಲಸವಲ್ಲ. ಒರೆಸಲು ಬನಿಯನ್ ವೇಸ್ಟ್ ಇರಲಿ, ಆದರೆ ನೂಲು ಬಿಡುವ ವೇಸ್ಟನ್ನು ಫಿಲ್ಟರ್ ಕೂರುವ ಜಾಗದ ಹತ್ತಿರ ತರಬೇಡಿ, ಅಲ್ಲಿಗೆ ಹಳೆಯ ಹತ್ತಿ ಪಂಚೆಯ ತುಂಡೇ ಒಳ್ಳೆಯದು.

ಆಯಿಲ್ ಯಾವುದು ಅನ್ನುವ ಚರ್ಚೆಗೆ ಕೊನೆಯೇ ಇಲ್ಲ. ನಮ್ಮ ಲೆಕ್ಕ ಹೀಗಿದೆ. ಡಬ್ಬದ ಮೇಲಿನ 0ಡಬ್ಲ್ಯೂ-40 ಅಥವಾ 5ಡಬ್ಲ್ಯೂ-40ರಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ, 40 ಅನ್ನುವುದು ಎಂಜಿನ್ ಪೂರ್ತಿ ಬಿಸಿಯಾದಾಗ ಉಳಿಯುವ ಮಂದಕ್ಕೆ. ನಮ್ಮಲ್ಲಿ ಪುಷ್ಯಮಾಸದ ಬೆಳಗಿನ ಚಳಿಯೂ ಸೊನ್ನೆ ಡಿಗ್ರಿಯ ಹತ್ತಿರ ಸುಳಿಯುವುದಿಲ್ಲ, ಹಾಗಾಗಿ 5ಡಬ್ಲ್ಯೂ-40 ಧಾರಾಳವಾಗಿ ಸಾಕು. 20ಡಬ್ಲ್ಯೂ-50 ಮಾತ್ರ ಬೇಡ. "ಹಳೆ ಎಂಜಿನ್, ದಪ್ಪ ಆಯಿಲ್ ಹಾಕಿ" ಅನ್ನುವ ಸಲಹೆ ಅಂಬಾಸಡರ್ ಕಾಲದ್ದು. ಈ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ಒತ್ತುವ ಹೈಡ್ರಾಲಿಕ್ ಟ್ಯಾಪೆಟ್‌ಗಳಿವೆ, ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವ ಸಣ್ಣ ಸಣ್ಣ ಭಾಗಗಳಿವೆ. ದಪ್ಪ ಆಯಿಲ್ ಅಲ್ಲಿಗೆ ತಡವಾಗಿ ತಲುಪುತ್ತದೆ, ಸ್ಟಾರ್ಟ್ ಮಾಡಿದಾಗ ಟಕಟಕ ಶಬ್ದ ಬರುತ್ತದೆ.

ಗಾಡಿ ಎತ್ತುವ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿ ಹೇಳಲೇಬೇಕು. ನಮ್ಮ ಊರ ಸುತ್ತ ಕಲ್ಲಿಗೆ ಬರವಿಲ್ಲ, ಸೈಜುಗಲ್ಲು ಎಲ್ಲರ ಹಿತ್ತಿಲಲ್ಲೂ ಬಿದ್ದಿರುತ್ತದೆ, ಅದನ್ನೇ ಗಾಡಿಯ ಕೆಳಗೆ ಕೊಟ್ಟು ನುಸುಳುವ ಅಭ್ಯಾಸವೂ ಇದೆ. ಬೇಡ. ಸೈಜುಗಲ್ಲು ಜಾರುತ್ತದೆ, ಹಾಲೋ ಬ್ಲಾಕ್ ಸೂಚನೆ ಕೊಡದೆ ಪುಡಿಯಾಗುತ್ತದೆ. ಮೇಲಿರುವುದು ಸಾವಿರದಿನ್ನೂರು ಕೆಜಿಗೂ ಮೀರಿದ ಭಾರ. ಈ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಕಂಪನಿ ಕೊಟ್ಟ ನಾಲ್ಕು ಜಾಕ್ ಪಾಯಿಂಟ್‌ಗಳೇ ಸ್ಟ್ಯಾಂಡ್ ಇಡಬೇಕಾದ ಜಾಗವೂ ಹೌದು, ಒಂದೇ ಜಾಗಕ್ಕೆ ಎರಡು ಸಾಮಾನು. ಸುಲಭದ ದಾರಿ ಸಾಮಿಲ್‌ನಿಂದ ಬರುತ್ತದೆ. 10 ಇಂಚು ಅಗಲ, 2 ಇಂಚು ದಪ್ಪದ ಗಟ್ಟಿ ಮರದ ಹಲಗೆಗಳನ್ನು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಮೂರು ಕೂಡಿಸಿ, ಸ್ಕ್ರೂ ಬಿಗಿದು, ನಾಲ್ಕು ಚಕ್ರಕ್ಕೂ ಒಂದೊಂದು ಮಾಡಿಸಿಕೊಳ್ಳಿ. ಸಿಮೆಂಟ್ ನೆಲದ ಮೇಲೆ ಇಟ್ಟು ಗಾಡಿಯನ್ನು ನಿಧಾನವಾಗಿ ಹತ್ತಿಸಿ. 6 ಇಂಚು ಎತ್ತರ ಸಿಗುತ್ತದೆ, ಗಾಡಿ ಮಟ್ಟವಾಗಿಯೂ ಇರುತ್ತದೆ. ಓರೆಯಾಗಿ ನಿಂತರೆ ಚೇಂಬರ್‌ನ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯ, ಮೂಲೆಯಲ್ಲಿ ಹಳೆಯ ಆಯಿಲ್ ಉಳಿದುಬಿಡುತ್ತದೆ, ಕೆಳಗೆ ಕೂರುವ ಗಸಿಯೂ ಅಲ್ಲೇ ಉಳಿಯುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಅಡ್ಡ ಕೊಡಿ.

ಆಯಿಲ್ ಬೆಚ್ಚಗಿರುವಾಗಲೇ ಇಳಿಸಬೇಕು. ಮೀಟರ್‌ನಲ್ಲಿ ಕೂಲೆಂಟ್ ಬಿಸಿ ಆಯಿತೆಂದು ತೋರಿಸಿದಾಗ ಆಯಿಲ್ ಇನ್ನೂ ತಣ್ಣಗೇ ಇರುತ್ತದೆ. 15 ಕಿ.ಮೀ. ಓಡಿಸಿ ಬಂದರೆ ಕೊಳೆಯೆಲ್ಲ ಆಯಿಲ್‌ನಲ್ಲಿ ತೇಲುತ್ತಿರುತ್ತದೆ, ಒಟ್ಟಿಗೆ ಇಳಿದುಹೋಗುತ್ತದೆ. ಆಫ್ ಮಾಡಿ 20 ನಿಮಿಷ ಬಿಡಿ. ತಕ್ಷಣ ಕೈ ಹಾಕಿದರೆ ಸೈಲೆನ್ಸರ್ ಪೈಪೂ ಸುಡುತ್ತದೆ, ಆಯಿಲೂ ಸುಡುತ್ತದೆ.

ಕೆಳಗೆ ಮಲಗಿದಾಗ ಯಾವ ಪ್ಲಗ್ ಬಿಚ್ಚುತ್ತಿದ್ದೀರಿ ಅನ್ನುವುದನ್ನು ಎರಡು ಸಲ ನೋಡಿ. ಎಂಜಿನ್ ನಡುವೆ ಇರುವುದರಿಂದ ಗೇರ್‌ಬಾಕ್ಸ್ ಅದರ ಹಿಂದಿದೆ, ಅದಕ್ಕೂ ಪ್ಲಗ್ ಇದೆ. ಎಂಜಿನ್ ಆಯಿಲ್ ಅಂದುಕೊಂಡು ಗೇರ್ ಆಯಿಲ್ ಇಳಿಸಿ, ಮೇಲಿನಿಂದ ಎಂಜಿನ್ನಿಗೆ ಮತ್ತೆ 8 ಲೀಟರ್ ಸುರಿದರೆ ಎರಡೂ ಕೆಟ್ಟಂತೆ. ಎಂಜಿನ್ ಪ್ಲಗ್ ಅಲ್ಯೂಮಿನಿಯಂ ಚೇಂಬರ್‌ನಲ್ಲಿ 8 ಎಂಎಂ ಆಲನ್ ತೂತು ಇರುವುದು. ಬಿಟ್ ಹಾಕುವ ಮುಂಚೆ ಆ ತೂತಿನ ಮಣ್ಣನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ತೆಗೆಯಿರಿ. ಕ್ರಷರ್ ರಸ್ತೆಯ ದೂಳು ಆಯಿಲ್ ಜೊತೆ ಸೇರಿ ಅಲ್ಲಿ ಸಿಮೆಂಟಿನ ಹಾಗೆ ಕಟ್ಟಿರುತ್ತದೆ. ಬಿಟ್ ಪೂರ್ತಿ ಒಳಗೆ ಕೂರದೆ ತಿರುಗಿಸಿದರೆ ಮೂಲೆಗಳು ಸವೆದು ಪ್ಲಗ್ ದುಂಡಾಗಿ ಹೋಗುತ್ತದೆ.

ಪ್ಲಗ್ ಬಿಚ್ಚುವ ಮುಂಚೆ ಮೇಲಿನ ಆಯಿಲ್ ಮುಚ್ಚಳ ತೆಗೆದಿಡಿ, ಗಾಳಿ ಆಡಿದರೆ ಆಯಿಲ್ ಸಲೀಸಾಗಿ ಇಳಿಯುತ್ತದೆ. ಮೊದಲ ರಭಸ ಮುಗಿದ ಮೇಲೆ, ಮಧ್ಯದ ಧಾರೆಯಿಂದ ನೂರು ಮಿ.ಲೀ.ನಷ್ಟು ಒಂದು ಒಣ ಗಾಜಿನ ಬಾಟಲಿಗೆ ಹಿಡಿದಿಡಿ. ಉಳಿದದ್ದು ಅರ್ಧ ಗಂಟೆ ತೊಟ್ಟಿಕ್ಕಲಿ.

ಆ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ. ಕಪ್ಪಾಗಿರುವುದು ತಪ್ಪಲ್ಲ, ಅದು ಆಯಿಲ್ ತನ್ನ ಕೆಲಸ ಮಾಡಿದ ಗುರುತು. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಕೂಲೆಂಟ್ ಒಳಗೆ ಸೇರಿದೆ: ಒಂದೋ ಎಂಜಿನ್ ಮೇಲಿರುವ ಆಯಿಲ್ ಕೂಲರ್‌ನ ಸೀಲ್ ಹೋಗಿದೆ, ಇಲ್ಲವೇ ಹೆಡ್ ಬಿರುಕು ಬಿಟ್ಟಿದೆ. ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿ ನೋಡೋಣ ಅನ್ನುವುದು ಬೇಡವೇ ಬೇಡ. ಮುಚ್ಚಳದ ಒಳಭಾಗದಲ್ಲಿ ಮಾತ್ರ ತೆಳ್ಳಗೆ ಬೆಣ್ಣೆಯಂಥ ಪದರ ಇದ್ದರೆ ಅದು ಬೇರೆ ಮಾತು. ಚಳಿಗಾಲದಲ್ಲಿ ಸಣ್ಣ ಸಣ್ಣ ದೂರ ಓಡಿಸುವ ಗಾಡಿಗೆ ತೇವ ಹಾಗೆ ಕಟ್ಟುತ್ತದೆ.

ಈಗ ಫಿಲ್ಟರ್. ಕಪ್ ರೆಂಚ್‌ನಿಂದ ಪ್ಲಾಸ್ಟಿಕ್ ಡಬ್ಬಿಯನ್ನು ಸಡಿಲ ಮಾಡಿ, ಆಮೇಲೆ ಕೈಯಲ್ಲೇ ತಿರುಗಿಸಿ, ನೇರವಾಗಿ ಹಿಡಿದು ಇಳಿಸಿ. ಒಳಗೆ ಒಂದು ಲೋಟ ಆಯಿಲ್ ಇರುತ್ತದೆ. ಆ ಆಯಿಲನ್ನು ಟಬ್ಬಿಗೆ ಸುರಿಯಬೇಡಿ, ಬಿಳಿಯ ತಟ್ಟೆಗೆ ಸುರಿಯಿರಿ. ಎಂಜಿನ್ನಿನಿಂದ ಉದುರಿದ್ದೆಲ್ಲ ಬಂದು ಸೇರುವುದು ಇಲ್ಲಿಗೇ.

ಫಿಲ್ಟರ್‌ನ ಎರಡೂ ತುದಿಯ ಅಂಚನ್ನು ಬ್ಲೇಡಿನಿಂದ ಕತ್ತರಿಸಿ, ಕಾಗದವನ್ನು ಉದ್ದಕ್ಕೆ ಬಿಡಿಸಿ. ಸೀರೆಯ ನೆರಿಗೆ ಬಿಡಿಸಿದ ಹಾಗೆ ಬರುತ್ತದೆ. ಹಿಂಡಿ, ಬಿಸಿಲಿನಲ್ಲಿ ಓರೆ ಮಾಡಿ ನೋಡಿ. ನಮ್ಮ ಕಡೆಯವರಿಗೆ ಅರ್ಥವಾಗುವ ಅಳತೆಯಲ್ಲಿ ಹೇಳುವುದಾದರೆ, ರಾಗಿ ಹಿಟ್ಟಿನಷ್ಟು ನುಣ್ಣಗಿನ ಮಿನುಗು ಅಲ್ಲೊಂದು ಇಲ್ಲೊಂದು ಕಂಡರೆ ಹೆದರಬೇಕಿಲ್ಲ. ರಾಗಿ ಕಾಳಿನಷ್ಟು ದೊಡ್ಡ ಚೂರು ಒಂದೇ ಒಂದು ಸಿಕ್ಕರೂ ಅದನ್ನು ಬಿಡಬೇಡಿ. ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಡಿಕೆಗಳ ಮೇಲೆ ಆಡಿಸಿ. ಅಂಟಿಕೊಂಡರೆ ಉಕ್ಕು, ಅಂದರೆ ಬೇರಿಂಗ್ ಅಥವಾ ಚೈನಿನದು. ಹೊಳೆಯುತ್ತದೆ, ಅಂಟುವುದಿಲ್ಲ ಅಂದರೆ ಅಲ್ಯೂಮಿನಿಯಂ, ಪಿಸ್ಟನ್ ಅಥವಾ ಸಿಲಿಂಡರ್ ಗೋಡೆಯ ಕಡೆ ಅನುಮಾನ ಹೋಗಬೇಕು. ತಾಮ್ರದ ಬಣ್ಣ ಕಂಡರೆ ಕನೆಕ್ಟಿಂಗ್ ರಾಡ್ ಬೇರಿಂಗ್. ಗಟ್ಟಿಯಾದ ಪ್ಲಾಸ್ಟಿಕ್ ಚೂರು ಇದ್ದರೆ ಟೈಮಿಂಗ್ ಚೈನ್ ಜಾರುವ ಪಟ್ಟಿ ಸವೆಯುತ್ತಿದೆ. ದಾರದಂತೆ ಎಳೆಯೆಳೆಯಾಗಿ ಸಿಲಿಕೋನ್ ಸಿಕ್ಕರೆ ಹಿಂದೆ ಯಾರೋ ಗ್ಯಾಸ್ಕೆಟ್ ಪೇಸ್ಟನ್ನು ಧಾರಾಳವಾಗಿ ಮೆತ್ತಿದ್ದಾರೆ. ಅದು ಆಯಿಲ್ ಹೀರುವ ಜಾಲರಿಗೆ ಕಟ್ಟಿಕೊಂಡರೆ ಒತ್ತಡವೇ ಇಲ್ಲದಂತಾಗುತ್ತದೆ.

ಉಕ್ಕಿನ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಈ ಎಂಜಿನ್ನಿನ ಇಂಟರ್‌ಮೀಡಿಯೇಟ್ ಶಾಫ್ಟ್ ಬೇರಿಂಗ್ ಕಾರಣ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿನಿಂದ ವಾಲ್ವ್ ತೆರೆಯುವ ಕ್ಯಾಮ್‌ಗಳಿಗೆ ಚಾಲನೆ ಒಯ್ಯುವ ಶಾಫ್ಟಿನ ಒಂದು ತುದಿ ಸೀಲ್ ಮಾಡಿದ ಬಾಲ್ ಬೇರಿಂಗ್ ಮೇಲೆ ಕೂತಿದೆ. ವರ್ಷಗಳು ಕಳೆದಂತೆ ಸೀಲ್ ಸೋತು ಒಳಗಿನ ಗ್ರೀಸ್ ತೊಳೆದುಹೋಗುತ್ತದೆ, ಹೊಸ ಆಯಿಲ್ ಮಾತ್ರ ಸರಿಯಾಗಿ ಓಡಾಡುವುದಿಲ್ಲ. ಮೊದಲ ವರ್ಷಗಳಲ್ಲಿ ಎರಡು ಸಾಲಿನ ಬೇರಿಂಗ್ ಇತ್ತು, 2000ದ ಹೊತ್ತಿಗೆ ಒಂದು ಸಾಲಿನದು ಬಂತು, ಹೆಚ್ಚು ಸೋಲುವುದು ಈ ಎರಡನೆಯದೇ. ಅದು ಪೂರ್ತಿ ಒಡೆದರೆ ಟೈಮಿಂಗ್ ತಪ್ಪಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ, ಎಂಜಿನ್ ಮುಗಿಯಿತು. ಒಡೆಯುವ ಮುಂಚೆ ಅನೇಕ ಸಲ ಅದು ಫಿಲ್ಟರ್‌ನಲ್ಲಿ ಚೂರು ಬಿಟ್ಟು ಹೇಳಿಕೊಳ್ಳುತ್ತದೆ. ಪ್ರತಿ ಸಲ ಹೇಳುತ್ತದೆ ಅನ್ನುವಂತಿಲ್ಲ, ಆದರೆ ಹೇಳಿದಾಗ ನೋಡುವವರು ಇರಬೇಕು. ಅನುಮಾನದ ಮಿನುಗು ಕಂಡರೆ 1,000 ಕಿ.ಮೀ. ಓಡಿಸಿ ಮತ್ತೊಂದು ಫಿಲ್ಟರ್ ಬಿಚ್ಚಿ ಹೋಲಿಸಿ. ಉಕ್ಕಿನ ಚೂರುಗಳೇ ಕಂಡರೆ ಸ್ಟಾರ್ಟ್ ಮಾಡಬೇಡಿ, ಫ್ಲಾಟ್‌ಬೆಡ್ ಮೇಲೆ ಹಾಕಿಸಿ ಈ ಎಂಜಿನ್ ಬಿಚ್ಚಿ ಗೊತ್ತಿರುವವರ ಹತ್ತಿರ ಕಳಿಸಿ.

ಎಲ್ಲ ಸರಿ ಇದ್ದರೆ ಮುಂದಿನದು ಬೇಗ ಆಗುವ ಕೆಲಸ. ಡಬ್ಬಿಯನ್ನು ಒಳಗೆ ಒರೆಸಿ, ಹಳೆಯ ಓ-ರಿಂಗ್ ತೆಗೆದು, ಹೊಸದಕ್ಕೆ ಆಯಿಲ್ ಸವರಿ ಡಬ್ಬಿಯ ಅದೇ ಕೊರಕಲಿನಲ್ಲಿ ಕೂರಿಸಿ, ಹೊಸ ಫಿಲ್ಟರ್ ಇಡಿ. ಡಬ್ಬಿಯನ್ನು 25 ನ್ಯೂಟನ್ ಮೀಟರ್, ಡ್ರೇನ್ ಪ್ಲಗ್ಗನ್ನು ಹೊಸ ವಾಷರ್ ಹಾಕಿ 50 ನ್ಯೂಟನ್ ಮೀಟರ್ ಬಿಗಿಯಬೇಕು. ಪ್ಲಗ್ಗನ್ನು ಮೊದಲ ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಾರದಿದ್ದರೆ ಥ್ರೆಡ್ ಅಡ್ಡ ಕೂತಿದೆ, ತೆಗೆದು ಮತ್ತೆ ಹಾಕಿ. ಹಳೆಯ ವಾಷರ್ ಒಂದು ಸಲ ಚಪ್ಪಟೆಯಾಗಿಬಿಟ್ಟಿರುತ್ತದೆ, ಅದನ್ನೇ ಹಾಕಿದರೆ ಜಿನುಗುತ್ತದೆ. ಜಿನುಗಿದಾಗ ಇನ್ನಷ್ಟು ಬಿಗಿಯೋಣ ಅನ್ನಿಸುತ್ತದೆ, ಹಾಗೆ ಬಿಗಿದು ಬಿಗಿದೇ ಅಲ್ಯೂಮಿನಿಯಂ ಚೇಂಬರ್‌ನ ಥ್ರೆಡ್ ಸ್ಲಿಪ್ ಆಗುವುದು. ಒಂದು ಚಿಲ್ಲರೆ ವಾಷರ್ ಉಳಿಸಲು ಹೋಗಿ ಚೇಂಬರ್ ಇಳಿಸಿ ಹೊಸ ಥ್ರೆಡ್ ಕೂರಿಸುವ ಕೆಲಸಕ್ಕೆ ಬಂದು ನಿಲ್ಲುತ್ತದೆ.

ಆಯಿಲ್ ಹಾಕುವಾಗ ಅವಸರ ಬೇಡ. ಫಿಲ್ಟರ್ ಸಮೇತ ಸುಮಾರು ಎಂಟೂಮುಕ್ಕಾಲು ಲೀಟರ್ ಅನ್ನುವ ಲೆಕ್ಕ ಆಯಿಲ್ ಚೆನ್ನಾಗಿ ಇಳಿದಾಗಿನದು. ಮನೆಯಲ್ಲಿ ಇಳಿಸಿದಾಗ ಒಳಗೆ ಸ್ವಲ್ಪ ಉಳಿದೇ ಇರುತ್ತದೆ. ಮೊದಲು ಏಳೂವರೆ ಲೀಟರ್ ಹಾಕಿ. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಆಯಿಲ್ ಪ್ರೆಶರ್ ದೀಪ ಕೆಲವೇ ಕ್ಷಣಗಳಲ್ಲಿ ಆರಬೇಕು, 10 ಸೆಕೆಂಡಾದರೂ ಉರಿಯುತ್ತಿದ್ದರೆ ಆಫ್ ಮಾಡಿ ಫಿಲ್ಟರ್ ಡಬ್ಬಿಯನ್ನು ಮತ್ತೆ ನೋಡಿ. ಎಂಜಿನ್ನನ್ನು ನಿಂತಲ್ಲೇ ಎರಡು ನಿಮಿಷ ಓಡಿಸಿ, ಆಫ್ ಮಾಡಿ, ಕೆಳಗೆ ಜಿನುಗು ಇದೆಯೇ ನೋಡಿ. ಗಾಡಿ ಹಲಗೆಯಿಂದ ಇಳಿಸಿ, ಒಂದು ಸುತ್ತು ಹೋಗಿ ಬಂದು, ಮಟ್ಟದ ಜಾಗದಲ್ಲಿ 10 ನಿಮಿಷ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಆಮೇಲೆ ಕಾಲು ಲೀಟರ್, ಕಾಲು ಲೀಟರ್ ಸೇರಿಸುತ್ತಾ ಮೇಲಿನ ಗೆರೆಗಿಂತ ಒಂದು ಕೂದಲೆಳೆ ಕೆಳಗೆ ನಿಲ್ಲಿಸಿ. ಹೆಚ್ಚಾದರೆ ಒಳ್ಳೆಯದು ಅನ್ನುವುದು ಇಲ್ಲಿ ಸುಳ್ಳು. ಹೆಚ್ಚಿನ ಆಯಿಲ್ ಹಬೆಯಿಂದ ಆಯಿಲ್ ಬೇರ್ಪಡಿಸುವ ಸೆಪರೇಟರ್‌ಗೆ ಏರಿ, ಅಲ್ಲಿಂದ ಇನ್‌ಟೇಕ್‌ಗೆ ಹೋಗಿ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಮೋಡದಂತೆ ಬರುತ್ತದೆ. ಹಾಗಾದರೆ ಹೆಚ್ಚಾದದ್ದನ್ನು ಇಳಿಸಲೇಬೇಕು.

ಎಷ್ಟು ದಿನಕ್ಕೊಮ್ಮೆ? 8,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೆ 2,000 ಕಿ.ಮೀ. ಓಡುವ ಗಾಡಿಗೂ ವರ್ಷಕ್ಕೊಮ್ಮೆ ಬೇಕೇ ಬೇಕು. ಶೆಡ್ಡಿನಲ್ಲಿ ನಿಂತ ಗಾಡಿಯ ಆಯಿಲ್‌ನಲ್ಲಿ ತೇವ, ಪೆಟ್ರೋಲಿನ ಅಂಶ ಸೇರಿ ಹುಳಿಯಾಗುತ್ತಾ ಹೋಗುತ್ತದೆ, ಬೇರಿಂಗ್‌ಗೆ ಅದೇ ಶತ್ರು. ಮಳೆಗಾಲ ಮುಗಿದ ಮೇಲೆ ಮಾಡಿಕೊಂಡರೆ ಅನುಕೂಲ.

ಕೊನೆಗೆ ಉಳಿಯುವುದು ಎಂಟು ಲೀಟರಿಗೂ ಹೆಚ್ಚಿನ ಹಳೆಯ ಆಯಿಲ್. ಕೇಳುವವರು ಬಹಳ ಜನ ಇರುತ್ತಾರೆ: ಸೆಂಟ್ರಿಂಗ್ ಶೀಟಿಗೆ ಸವರಲು, ಗೆದ್ದಲಿಗೆ ಬೇಲಿ ಗೂಟಕ್ಕೆ ಬಳಿಯಲು. ಕೊಡಬೇಡಿ. ಗೂಟಕ್ಕೆ ಬಳಿದದ್ದು ಮಣ್ಣಿಗೆ ಇಳಿಯುತ್ತದೆ, ಚರಂಡಿಗೆ ಸುರಿದದ್ದು ಮೊದಲ ಮಳೆಗೇ ಕೆರೆ ಸೇರುತ್ತದೆ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ಜಿಲ್ಲೆ ನಮ್ಮದು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಹೆಬ್ಬಾಳ-ನಾಗವಾರ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ತರುತ್ತಿರುವ ಹೊತ್ತಿನಲ್ಲಿ ಆ ನೀರಿಗೆ ನಾವೇ ಆಯಿಲ್ ಬೆರೆಸುವುದು ಹೊಟ್ಟೆ ಉರಿಯುವ ವಿಷಯ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೆಂದೇ ಪಟ್ಟಿಯಾಗಿದೆ. ಹೊಸ ಆಯಿಲ್ ಬಂದ ಕ್ಯಾನ್‌ಗಳಿಗೇ ಹಳೆಯದನ್ನು ತುಂಬಿ, ಬೇರೆ ಏನನ್ನೂ, ಮುಖ್ಯವಾಗಿ ಕೂಲೆಂಟನ್ನು ಬೆರೆಸದೆ, ಮುಚ್ಚಳ ಬಿಗಿದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಕೊಡುವ ವರ್ಕ್‌ಶಾಪಿಗೆ ತಲುಪಿಸಿ.

ಟಬ್ಬು ತೊಳೆಯುವ ಮುಂಚೆ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ: ತಾರೀಖು, ಕಿ.ಮೀ., ಎಷ್ಟು ಇಳಿಯಿತು, ಎಷ್ಟು ಹಾಕಿದಿರಿ. ಬಿಡಿಸಿದ ಫಿಲ್ಟರ್ ಕಾಗದದ ಫೋಟೊ ಬಿಸಿಲಿನಲ್ಲಿ ತೆಗೆದು, ಅಂಗೈಯಗಲದ ಒಂದು ತುಂಡನ್ನು ಜಿಪ್ ಕವರ್‌ನಲ್ಲಿ ಹಾಕಿ ಅದೇ ಪುಸ್ತಕದ ನಡುವೆ ಇಡಿ. ಮುಂದಿನ ವರ್ಷದ ಫಿಲ್ಟರನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕಲ್ಲ.