200 ಗ್ರಾಂ ರೆಸಿನ್‌ಗೆ ಅಂದಾಜು ನಡೆಯಲ್ಲ

ನಮ್ಮದು ಫೈಬರ್ ವರ್ಕ್‌ಶಾಪ್. ಗಾಜಿನ ನಾರಿಗೆ ರೆಸಿನ್ ಅನ್ನೋ ಅಂಟು ದ್ರವ ಹಚ್ಚಿ ಗಟ್ಟಿ ಮಾಡುವ ಕೆಲಸ. ಟ್ಯಾಂಕ್, ಮಷೀನ್ ಕವರ್, ವಾಹನದ ಪ್ಯಾನೆಲ್, ಇಂಥವೇ ಜಾಸ್ತಿ. ಮನೆಯ ಕಂಪ್ಯೂಟರ್ ಕೇಸಿಗೆ ಏರ್ ಡಕ್ಟ್ (ಗಾಳಿ ಸಾಗಿಸುವ ಕೊಳವೆ) ಬೇಕು ಅಂತ ಆರ್ಡರ್ ಬಂದಾಗ ಸೂಪರ್‌ವೈಸರ್ ಹೇಳಿದ್ದು, "ಇದೂ ಒಂದು ಕೆಲಸವಾ? ಮಧ್ಯಾಹ್ನದೊಳಗೆ ಮುಗಿಸಿಬಿಡಿ." ಆ ಮಾತು ಇನ್ನೂ ಚುಚ್ಚುತ್ತದೆ.

ಗಿರಾಕಿಯ ತೊಂದರೆ ನಿಜವಾದದ್ದೇ. ಗ್ರಾಫಿಕ್ಸ್ ಕಾರ್ಡ್ ಬಿಟ್ಟ ಬಿಸಿ ಗಾಳಿಯನ್ನೇ ಪ್ರೊಸೆಸರ್ ಕೂಲರ್ ಎಳೆದುಕೊಳ್ಳುತ್ತಿತ್ತು. ಮುಂದಿನ 120 ಎಂಎಂ ಫ್ಯಾನಿನ ತಣ್ಣನೆ ಗಾಳಿ ನೇರ ಕೂಲರ್‌ಗೆ ಸಿಗಬೇಕು. ನಡುವೆ ಡ್ರೈವ್ ಕೇಜ್, ಕೇಬಲ್, ರ್‍ಯಾಮ್. ಡಕ್ಟ್ ಬಳುಕಿಕೊಂಡೇ ಹೋಗಬೇಕು. ಇಂಥ ಆಕಾರಕ್ಕೆ ಫೈಬರ್‌ನಷ್ಟು ಒಳ್ಳೆಯದು ಬೇರೆ ಇಲ್ಲ ಅನ್ನೋದು ನನ್ನ ನಂಬಿಕೆ. ಶೀಟ್ ಮಡಚಿದರೆ ಮೂಲೆ ಬರುತ್ತದೆ, ಮೂಲೆಯಲ್ಲಿ ಗಾಳಿ ಸುತ್ತು ಹೊಡೆಯುತ್ತದೆ.

ಥರ್ಮಾಕೋಲಿನಲ್ಲಿ ಪ್ಲಗ್, ಅಂದರೆ ಒಳಗಿನ ಅಚ್ಚು, ಕೆತ್ತಿದೆ. ಅದರ ಮೇಲೆ ಲೇಅಪ್ ಮಾಡಿದರೆ, ಅಂದರೆ ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಹಚ್ಚಿದರೆ, ಒಳಮೈ ನಯವಾಗಿ ಸಿಗುತ್ತದೆ. ಹೊರಗೆ ಒರಟಾದರೆ ಗಾಳಿಗೇನು? ದಾರಿ ಮಾತ್ರ ಎಲ್ಲೂ ಕಿರಿದಾಗಬಾರದು. 120 ಎಂಎಂ ದುಂಡು ಬಾಯಿಯ ವಿಸ್ತೀರ್ಣ ಸುಮಾರು 113 ಚದರ ಸೆಂಟಿಮೀಟರ್. ಚಪ್ಪಟೆ ಮಾಡಿದ ಜಾಗದಲ್ಲೂ ಅಷ್ಟನ್ನು ಉಳಿಸಿದೆ. ನಾವು ಬಳಸುವ ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನೋ ದ್ರವ ಥರ್ಮಾಕೋಲನ್ನು ತಿಂದುಹಾಕುತ್ತದೆ, ಎಪಾಕ್ಸಿ ರೆಸಿನ್ ತಿನ್ನಲ್ಲ. ಎಪಾಕ್ಸಿ ಕೇಳಿದೆ, ಸ್ಟೋರ್‌ನಲ್ಲಿ ಇಲ್ಲ ಅಂದರು. ಸರಿ, ಪ್ಲಗ್‌ಗೆ ಪೂರ್ತಿ ಟೇಪ್ ಸುತ್ತಿ ವ್ಯಾಕ್ಸ್ ಹಚ್ಚಿದೆ.

ಎಡವಟ್ಟಾದದ್ದು ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್‌ನಲ್ಲಿ. ನಮ್ಮಲ್ಲಿ ಅದನ್ನು ಬಾಟಲಿ ಮುಚ್ಚಳದಲ್ಲೇ ಅಳೆಯುತ್ತಾರೆ. 10 ಕಿಲೋ ರೆಸಿನ್‌ಗೆ ಶೇಕಡಾ 1.5 ಅಂದರೆ 150 ಗ್ರಾಂ. ಐದು ಗ್ರಾಂ ಆಚೀಚೆ ಆದರೆ ಗೊತ್ತೇ ಆಗಲ್ಲ. 200 ಗ್ರಾಂ ರೆಸಿನ್‌ಗೆ ಬೇಕಿರುವುದು ಬರೀ 3 ಗ್ರಾಂ. ಅದೇ ಐದು ಗ್ರಾಂ ಇಲ್ಲಿ ಜಾಸ್ತಿ ಬಿದ್ದರೆ ಶೇಕಡಾ 4! ಸೂಪರ್‌ವೈಸರ್ ತಾವೇ ಬಂದು ಸುರಿದರು. "ಬೇಗ ಸೆಟ್ ಆಗಲಿ" ಅಂದರು.

ಮೊದಲ ಮ್ಯಾಟ್ ಹಾಕಿ ಬ್ರಶ್ ಕುಟ್ಟುತ್ತಿದ್ದೆ. ಬಾಗಿದ ಭಾಗ ಇನ್ನೂ ಬಾಕಿ. ಸಮಯ ಇದೆ ಅಂದುಕೊಂಡಿದ್ದೆ. ಮ್ಯಾಟ್ ಮೇಲಿನ ರೆಸಿನ್ ಇನ್ನೂ ಒದ್ದೆಯಾಗಿತ್ತು. ಆದರೆ ತೆಳ್ಳಗೆ ಹರಡಿದ್ದು ನಿಧಾನ, ಕಪ್‌ನಲ್ಲಿ ಗುಡ್ಡೆಯಾಗಿ ನಿಂತದ್ದು ತನ್ನ ಬಿಸಿಗೆ ತಾನೇ ಓಡುತ್ತದೆ. ಬ್ರಶ್ ಅದ್ದಿದರೆ ದಾರದಂತೆ ಎಳೆ ಎಳೆಯಾಗಿ ಬಂತು. ಕಪ್ ಮುಟ್ಟಲಾಗದಷ್ಟು ಬಿಸಿ. ಹೊಗೆ ಏಳತೊಡಗಿತು. ಇಕ್ಕಳದಲ್ಲಿ ಹಿಡಿದು ಹೊರಗೆ ಬರಿನೆಲದ ಮೇಲಿಟ್ಟು ವಾಪಸ್ ಓಡಿಬಂದೆ. ಅಷ್ಟರಲ್ಲಿ ಬಾಗಿನಲ್ಲಿ ಮ್ಯಾಟ್ ಬಿಳಿಬಿಳಿಯಾಗಿ ಒಣಗಿಯೇ ಉಳಿದಿತ್ತು. ಬಲವಂತವಾಗಿ ಒತ್ತಿದಾಗ ಕೆಳಗಿನ ಟೇಪ್ ಎದ್ದಿತು. ಸಂದಿಯಲ್ಲಿ ರೆಸಿನ್ ಇಳಿದು ಥರ್ಮಾಕೋಲ್ ಕುಸಿಯಿತು. ಫ್ಯಾನ್ ಕೂರುವ ಫ್ಲ್ಯಾಂಜ್ (ಬಾಯಿಯ ಸುತ್ತಲಿನ ಚಪ್ಪಟೆ ಅಂಚು) ಸೊಟ್ಟಗಾಯಿತು. ಆ ಫ್ಯಾನಿನ ಸ್ಕ್ರೂ ತೂತುಗಳ ಅಂತರ 105 ಎಂಎಂ, ಅದು ತಾಳೆಯಾಗಲೇ ಇಲ್ಲ.

ಎರಡನೇ ಡಕ್ಟನ್ನು ನನ್ನ ಪಾಡಿಗೆ ಮಾಡಲು ಬಿಟ್ಟರು. ಹಾರ್ಡ್‌ನರನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ ಅಳೆದೆ, ಕನ್ನಡಕ ಹಾಕಿಕೊಂಡೇ. ಅದರ ಒಂದು ಹನಿ ಕಣ್ಣಿಗೆ ಹಾರಿದರೂ ದೃಷ್ಟಿಗೇ ಅಪಾಯ. ರೆಸಿನ್ ಸ್ವಲ್ಪ ಸ್ವಲ್ಪವೇ ಕಲಸಿ ಅಗಲದ ತಟ್ಟೆಗೆ ಸುರಿದೆ. ಚದರ ಮೀಟರ್‌ಗೆ 300 ಗ್ರಾಂ ತೂಗುವ ಮ್ಯಾಟನ್ನು ಸಣ್ಣ ತುಂಡಾಗಿ ಹರಿದು ಎರಡು ಪದರ ಹಾಕಿದೆ. ಹರಿದ ಅಂಚು ಬಾಗಿಗೆ ಚೆನ್ನಾಗಿ ಕೂರುತ್ತದೆ, ಕತ್ತರಿಸಿದ ಅಂಚು ಎದ್ದು ನಿಲ್ಲುತ್ತದೆ. ಪ್ಲಗ್ ತೆಗೆದ ಮೇಲೆ ನೀರು ಹಾಕಿ ಉಜ್ಜಿ, ಗಾಜಿನ ಪುಡಿ ಉಳಿಯದಂತೆ ತೊಳೆದೆ. ಆ ಪುಡಿ ಫ್ಯಾನಿಗೆ, ಉಸಿರಿಗೆ ಎರಡಕ್ಕೂ ಬೇಡ. ಸ್ಟೈರೀನ್ ವಾಸನೆ ಹೋಗುವವರೆಗೂ ಗಾಳಿಗಿಟ್ಟೆ, ಮಧ್ಯಾಹ್ನದೊಳಗೆ ಅಂದವರು ಕಾದರು. ಕೂಲರ್ ಕಡೆಯ ಬಾಯಿಗೆ ಫೋಮ್ ಪಟ್ಟಿ ಅಂಟಿಸಿದೆ, ಫ್ಯಾನಿನ ನಡುಕ ದಾಟಬಾರದಲ್ವಾ. ದಾರ ಹಿಡಿದು ನೋಡಿದರೆ ಬಾಯಿಯ ಉದ್ದಕ್ಕೂ ಗಾಳಿ ಬರುತ್ತಿತ್ತು.

ಗ್ರಾಂ ತೋರಿಸುವ ತಕ್ಕಡಿಗೆ ಇಂಡೆಂಟ್ ಹಾಕಿದೆ. "ಟ್ಯಾಂಕ್ ಮಾಡೋರಿಗೆ ಗ್ರಾಂ ಯಾಕೆ?" ಅಂತ ಬರೆದು ವಾಪಸ್ ಕಳಿಸಿದರು. ಮತ್ತೆ ಹಾಕುತ್ತೇನೆ. ತಕ್ಕಡಿ ಬರುವವರೆಗೆ ಅರ್ಧ ಕಿಲೋಗಿಂತ ಕಡಿಮೆ ರೆಸಿನ್ ಇರುವ ಯಾವ ಕೆಲಸದಲ್ಲೂ ಮುಚ್ಚಳದ ಅಳತೆಗೆ ನಾನು ಒಪ್ಪುವುದಿಲ್ಲ.